ಇಪ್ಪತ್ತು ಅಂಕದ ಕಾಗದ

ಆ ಮನೆಯಲ್ಲಿ ಎರಡು ವರ್ಷದಿಂದ ಎಲ್ಲವೂ ಎರಡು ಕಾಲುಗಳ ಸುತ್ತ ನಡೆಯುತ್ತಿತ್ತು. ಕಾಲುಗಳು ಎಡಚನವು. ಶಾಲೆಯ ದಾಖಲೆಯಲ್ಲಿ ಅವನಿಗೆ ಬೇರೆ ಹೆಸರಿತ್ತು, ಆದರೆ ಎಡಗಾಲಲ್ಲಿ ಚೆಂಡು ಒದೆಯುವವನಾದ್ದರಿಂದ ಬೀದಿಗೂ ಅವನು ಎಡಚ, ಮನೆಗೂ ಎಡಚ. ಹದಿನಾರು ತುಂಬಿದಾಗ ಊರಿನ ಫುಟ್‌ಬಾಲ್ ಕ್ಲಬ್ಬು ಅವನನ್ನು ಅಪ್ರೆಂಟಿಸ್ ಮಾಡಿಕೊಂಡಿತು. ಎರಡು ವರ್ಷ ಕಲಿಯಬೇಕು. ಆಮೇಲೆ ಕ್ಲಬ್ಬಿನವರು ಕೆಲವರನ್ನು ಸಂಬಳದ ಆಟಗಾರರನ್ನಾಗಿ ಇಟ್ಟುಕೊಳ್ಳುತ್ತಾರೆ, ಉಳಿದವರ ಬೆನ್ನು ತಟ್ಟಿ ಮನೆಗೆ ಕಳಿಸುತ್ತಾರೆ. ಸೇರಿದ ದಿನವೇ ಅಪ್ಪ ಊಟಕ್ಕೆ ಕೂತಲ್ಲೇ ಕಾನೂನು ಮಾಡಿದ್ದ.

"ಇನ್ಮೇಲೆ ಇವನಿಗೆ ಮನೆ ಕೆಲಸ ಹೇಳ್ಬಾರ್ದು. ಅವನ ಕಾಲು ಅವನದಲ್ಲ, ಮನೇದು."

ಕಾಲು ಮನೆಯದಾದ ಮೇಲೆ ಕಾಲುಚೀಲವೂ ಮನೆಯದೇ ಆಯಿತು. ಅಪ್ರೆಂಟಿಸುಗಳು ತಮ್ಮ ಅಭ್ಯಾಸದ ಬಟ್ಟೆಯನ್ನು ತಾವೇ ಒಗೆದುಕೊಂಡು ಬರಬೇಕೆಂಬುದು ಆ ಕ್ಲಬ್ಬಿನ ಕ್ರಮ. ದಿನಾ ಸಂಜೆ ಒಂದು ಚೀಲ ಕೆಸರು ಬಾಗಿಲಲ್ಲಿ ಬಂದು ಬೀಳುತ್ತಿತ್ತು. ಅಮ್ಮ ಆಸ್ಪತ್ರೆಯಲ್ಲಿ ಆಯಾ, ಮಧ್ಯಾಹ್ನ ಹೋದರೆ ಬರುವುದು ಒಂಬತ್ತಕ್ಕೆ. ಅಜ್ಜಿಯ ಮಣಿಕಟ್ಟಿಗೆ ಹಿಂಡುವ ಶಕ್ತಿ ಇರಲಿಲ್ಲ. ಅಪ್ಪ ಬಸ್ ಡ್ರೈವರ್. ನಸುಕಿನ ಪಾಳಿ ಮುಗಿಸಿ ನಾಲ್ಕಕ್ಕೆಲ್ಲ ಮನೆಯಲ್ಲಿರುತ್ತಿದ್ದ, ಆದರೆ ಸ್ಟೇರಿಂಗ್ ತಿರುಗಿಸಿ ತಿರುಗಿಸಿ ಕೈ ಸೋತಿದೆ ಎನ್ನುತ್ತಿದ್ದ. ಸೋತ ಕೈಯಲ್ಲಿ ಪತ್ರಿಕೆಯ ಆಟದ ಪುಟ ಮಾತ್ರ ಭದ್ರವಾಗಿ ನಿಲ್ಲುತ್ತಿತ್ತು. ಉಳಿದವಳು ಎಡಚನ ಅಕ್ಕ.

ಅಕ್ಕನನ್ನು ಮನೆಯವರು ಕತ್ತರಿ ಎಂದು ಕರೆಯುತ್ತಿದ್ದರು. ಚಿಕ್ಕವಳಿದ್ದಾಗ ಅಪ್ಪನ ಒಳ್ಳೆಯ ಅಂಗಿಯನ್ನು ಕತ್ತರಿಸಿ ಗೊಂಬೆಗೆ ಕೋಟು ಮಾಡಿದ್ದರಿಂದ ಬಂದ ಹೆಸರು; ನಾಲಿಗೆಯೂ ಹಾಗೇ ಇದ್ದುದರಿಂದ ಉಳಿದುಕೊಂಡಿತು. ಈಗ ಇಪ್ಪತ್ತೆರಡು. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಜೇಬು ಹಚ್ಚುತ್ತಿದ್ದಳು. ದಿನಕ್ಕೆ ಮುನ್ನೂರು ಜೇಬು, ಒಂದು ಇಡೀ ಅಂಗಿ ಇಲ್ಲ. ಮೇಲಿನ ಮಹಡಿಯಲ್ಲಿ ದೊಡ್ಡ ದೊಡ್ಡ ಮೇಜುಗಳ ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಕತ್ತರಿಸುವವರು ಇದ್ದರು. ಅಲ್ಲಿ ಹೋಗಬೇಕೆಂದು ಅವಳು ಎರಡು ವರ್ಷದ ಹಿಂದೆ ಕಟಿಂಗ್ ಕಲಿಸುವ ಸಂಜೆ ಕ್ಲಾಸಿಗೆ ಸೇರಿದ್ದಳು. ಒಂಬತ್ತು ದಿನ ಹೋದಳು. ಹತ್ತನೆಯ ದಿನ ಅಪ್ಪ, "ಇವತ್ತೊಂದು ದಿನ ಬೇಡಮ್ಮ, ಅವನ ಬಟ್ಟೆ ನೋಡೋರಿಲ್ಲ" ಎಂದ. ಆ ಒಂದು ದಿನ ಹಾಗೇ ಬೆಳೆಯುತ್ತಾ ಎರಡು ವರ್ಷವಾಯಿತು.

ಹೀಗಿರುವಾಗ ಒಂದು ಸಂಜೆ ಎಡಚ ಒಂದು ಲಕೋಟೆ ಹಿಡಿದು ಬಂದ. ಎಲ್ಲ ಕ್ಲಬ್ಬುಗಳ ಒಕ್ಕೂಟ ವರ್ಷಕ್ಕೊಮ್ಮೆ ‘ವರ್ಷದ ಅಪ್ರೆಂಟಿಸ್’ ಎಂಬ ಪ್ರಶಸ್ತಿ ಕೊಡುತ್ತದೆ. ಕ್ಲಬ್ಬಿಗೊಂದು ಹೆಸರು ಹೋಗಬೇಕು. ಈ ಸಲ ಎಡಚನ ಹೆಸರು ಹೋಗಿತ್ತು.

ಅಪ್ಪ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ. "ಆಟಕ್ಕೆ ಐವತ್ತು ಅಂಕ. ಓದಿಗೆ ಮೂವತ್ತು. ಮನೆ, ನೆರೆಹೊರೆಯಲ್ಲಿ ನಡೆದುಕೊಳ್ಳೋ ರೀತಿಗೆ ಇಪ್ಪತ್ತು." ಓದು ನಿಂತಿತು. ಮತ್ತೆ ಓದಿದ. "ಈ ಇಪ್ಪತ್ತಕ್ಕೆ, ಅಭ್ಯರ್ಥಿ ಮನೆಯಲ್ಲಿ ಏನೇನು ಕೆಲಸ ಮಾಡುತ್ತಾನೆ ಎಂದು ಮನೆಯವರೊಬ್ಬರು ಸ್ವಂತ ಕೈಯಲ್ಲಿ ಒಂದು ಪುಟ ಬರೆದು ಕಳಿಸಬೇಕು. ಅಭ್ಯರ್ಥಿ ಅದನ್ನು ಓದಿ ಸಹಿ ಹಾಕಬೇಕು."

"ಗೆದ್ದವರನ್ನ ಯಾವ ಕ್ಲಬ್ಬೂ ಬಿಡಲ್ವಂತೆ," ಎಂದ ಎಡಚ. "ಹೋದ ವರ್ಷ ಗೆದ್ದವನು ಈಗ ದೊಡ್ಡ ಟೀಮಲ್ಲಿ ಆಡ್ತಾನೆ."

"ಕತ್ತರಿ ಬರೀತಾಳೆ," ಎಂದ ಅಪ್ಪ. "ಅಕ್ಷರ ಮುತ್ತಿನ ಹಾಗಿದೆ."

"ಬರೀತೀನಿ," ಎಂದಳು ಅವಳು, ಆಲೂಗಡ್ಡೆ ಸಿಪ್ಪೆ ಸುಲಿಯುತ್ತಾ. "ಏನು ಬರೀಲಿ ಹೇಳಿ."

ಎಲ್ಲರೂ ನಿಜವಾಗಿಯೂ ಯೋಚಿಸಿದರು. ಎಡಚ ಕೂಡ ಚಾವಣಿ ನೋಡುತ್ತಾ ಯೋಚಿಸಿದ. ಕೊನೆಗೆ ಅಜ್ಜಿಯೇ ಬಾಯಿಬಿಟ್ಟಳು.

"ಹಾಕಿದ್ದನ್ನ ಬಿಡದೆ ಉಣ್ತಾನೆ ಅಂತ ಬರಿ."

"ತಮಾಷೆ ಬೇಡಮ್ಮ," ಎಂದ ಅಪ್ಪ. "ನೀರು ತರ್ತಾನೆ, ಪಾತ್ರೆ ತೊಳೀತಾನೆ, ನಿನ್ನ ಕಣ್ಣಿಗೆ ಔಷಧಿ ಹಾಕ್ತಾನೆ... ಹೀಗೆ ಏನಾದ್ರೂ. ಬಂದು ನೋಡ್ತಾರಾ?"

"ನಾನು ನೋಡ್ತೀನಲ್ಲ," ಎಂದಳು ಕತ್ತರಿ. "ನನ್ನ ಕೈ, ನನ್ನ ಅಕ್ಷರ. ಒಂದು ಲೋಟ ತೊಳೆದದ್ದೂ ನಾನು ಕಂಡಿಲ್ಲ. ಕಾಣದ್ದನ್ನ ಬರೆಯೋಕೆ ಆಗಲ್ಲ."

ಅಪ್ಪ ಮುಖ ಬಿಗಿದ. "ತಮ್ಮನ ಮೇಲೆ ಹೊಟ್ಟೆಕಿಚ್ಚಾ?"

"ಇದೆ. ಸ್ವಲ್ಪ ಇದೆ. ಆದರೆ ಕಾಗದ ಕಳಿಸೋಕೆ ಇನ್ನೂ ಐದು ವಾರ ಇದೆ. ಐದು ವಾರ ಅವನು ಮಾಡ್ಲಿ, ಮಾಡಿದ್ದೆಲ್ಲ ಬರೀತೀನಿ, ಒಂದಕ್ಷರ ಬಿಡಲ್ಲ. ಸೋಮವಾರ, ಬುಧವಾರ, ಶುಕ್ರವಾರ ಸಂಜೆ ನಾನು ಮನೇಲಿರಲ್ಲ. ಕಟಿಂಗ್ ಕ್ಲಾಸಿಗೆ ಹೋಗ್ತೀನಿ. ಆ ದಿನ ಅವನ ಬಟ್ಟೆ ಅವನದು, ಪಾತ್ರೆ ಅವನದು, ಅಜ್ಜಿ ಕಣ್ಣಿಗೆ ಔಷಧಿ ಅವನದು."

"ಕಾಲು?" ಎಂದ ಅಪ್ಪ.

"ಪಾತ್ರೆ ಕೈಯಲ್ಲಿ ತೊಳೆಯೋದು, ಅಪ್ಪ."

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು. ನಗುವುದು ಅವಳಿಗೆ ನಿಷೇಧವಾಗಿರಲಿಲ್ಲ, ಆದರೆ ಮಗನ ಮುಖ ನೋಡಿ ತಡೆದುಕೊಂಡಳು.

ಮೊದಲನೆಯ ವಾರದ ಸಾಧನೆಯನ್ನು ಬರೆಯದಿರುವುದೇ ಒಳ್ಳೆಯದು. ಎಡಚ ಬಟ್ಟೆಯನ್ನು ಸೋಪಿನ ನೀರಲ್ಲಿ ಮುಳುಗಿಸಿ ಎರಡು ದಿನ ಮರೆತ. ಬಕೆಟ್ಟಿನ ವಾಸನೆಗೆ ಪಕ್ಕದ ಮನೆಯವರು ಚರಂಡಿ ಕಟ್ಟಿದೆಯೇ ಎಂದು ಕೇಳಿಕೊಂಡು ಬಂದರು. ಅಜ್ಜಿಯ ಕಣ್ಣಿನ ಔಷಧಿ ಮೂಗಿಗೆ ಬಿತ್ತು. ಅಜ್ಜಿ ಬಚ್ಚಲ ಬಾಗಿಲಲ್ಲಿ ಸ್ಟೂಲು ಹಾಕಿ ಕೂತು ಕೋಚ್ ಆದಳು. "ಕಾಲರ್ ಉಜ್ಜು. ಹೊಟ್ಟೆ ಉಜ್ಜಿದ್ದು ಸಾಕು, ಅಲ್ಲಿ ಏನೂ ಇಲ್ಲ. ಕಾಲರ್."

ಶುಕ್ರವಾರ ಕ್ಲಾಸಿನಿಂದ ಬಂದ ಅಕ್ಕನ ಮೇಲೆ ಅವನು ಹರಿಹಾಯ್ದ.

"ನಾನು ದಿನಾ ಐದು ಗಂಟೆ ಓಡ್ತೀನಿ ಅಕ್ಕ. ನಿನ್ನ ಹಾಗೆ ಕೂತು ಮಾಡೋ ಕೆಲಸ ಅಲ್ಲ ನಂದು."

"ಹತ್ತು ಗಂಟೆ ಕೂತು ನೋಡು, ಆಮೇಲೆ ಮಾತಾಡು. ಅಲ್ಲ ಕಣೋ, ಕ್ಲಬ್ಬಲ್ಲಿ ದೊಡ್ಡ ಆಟಗಾರರ ಬೂಟೆಲ್ಲ ನೀನೇ ತಿಕ್ತೀಯಂತೆ. ಹನ್ನೊಂದು ಜೊತೆ. ಇಲ್ಲಿ ನಿನ್ನ ಕಾಲುಚೀಲ ನಿನಗೆ ಭಾರ ಆಯ್ತಾ?"

"ಅಲ್ಲಿ ತಿಕ್ಕಿದ್ರೆ ಮೈದಾನಕ್ಕೆ ಬಿಡ್ತಾರೆ."

"ಇಲ್ಲಿ ನೀನು ತಿಕ್ಕಿದ್ರೆ ನನ್ನನ್ನ ಕ್ಲಾಸಿಗೆ ಬಿಡ್ತಾರೆ."

ಕ್ಲಾಸಿನ ವಿಷಯ ಎಡಚನಿಗೆ ಗೊತ್ತೇ ಇರಲಿಲ್ಲವೆಂದಲ್ಲ. ಅಕ್ಕ ಎರಡು ವರ್ಷದ ಹಿಂದೆ ಎಲ್ಲಿಗೋ ಹೋಗುತ್ತಿದ್ದಳು, ಆಮೇಲೆ ಬಿಟ್ಟಳು ಎಂದಷ್ಟೇ ಅವನ ತಲೆಯಲ್ಲಿತ್ತು. ಯಾಕೆ ಬಿಟ್ಟಳೆಂದು ಕೇಳುವ ಪ್ರಮೇಯ ಆ ಮನೆಯಲ್ಲಿ ಯಾವತ್ತೂ ಬಂದಿರಲಿಲ್ಲ.

ಮೂರನೆಯ ವಾರಕ್ಕೆ ಅವನ ಕೈ ಕುದುರಿತು. ಜರ್ಸಿಯನ್ನು ಒಳಮೈ ಹೊರಗೆ ಮಾಡಿ ಒಣಗಿಸಬೇಕು, ಕೆಂಪು ಕಾಲುಚೀಲವನ್ನು ಬೇರೆ ಬಕೆಟ್ಟಿನಲ್ಲಿ ತಣ್ಣೀರಿಗೆ ಹಾಕಬೇಕು, ಕೆಸರನ್ನು ಒಣಗಿಸಿ ಕೊಡವಿದ ಮೇಲೇ ನೆನೆಸಬೇಕು ಎಂದೆಲ್ಲ ಅವನೇ ಅಜ್ಜಿಗೆ ಪಾಠ ಹೇಳತೊಡಗಿದ. ಒಂದು ಬುಧವಾರ ಅಮ್ಮ ಒಂಬತ್ತಕ್ಕೆ ಮನೆಗೆ ಬಂದಾಗ ಪಾತ್ರೆಗಳು ತೊಳೆದು ಬೋರಲು ಹಾಕಿದ್ದವು. ಅವಳು ಚಪ್ಪಲಿ ಬಿಡುವುದನ್ನೂ ಮರೆತು ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಯಾಕಮ್ಮ, ಏನಾಯ್ತು?" ಎಂದ ಎಡಚ.

"ಏನಿಲ್ಲ. ಮಾಡೋಕೆ ಏನೂ ಉಳಿದಿಲ್ಲ, ಅದಕ್ಕೆ ಕೂತೆ."

ಕತ್ತರಿಗೆ ಆ ವಾರಗಳಲ್ಲಿ ಮೈಯೆಲ್ಲ ಹಗುರವಾಗಿತ್ತು. ಕ್ಲಾಸಿನ ಮಾಸ್ಟರು ಮಾತು ಕಡಿಮೆಯ ಮುದುಕ. ತಪ್ಪಿದರೆ ಬಟ್ಟೆಯ ಮೇಲೆ ಉಗುರಿನಿಂದ ಗೀರಿ ತೋರಿಸುತ್ತಿದ್ದರು, ಸರಿಯಿದ್ದರೆ ಮುಂದಿನ ಮೇಜಿಗೆ ಹೋಗುತ್ತಿದ್ದರು. ಅವರು ಏನೂ ಹೇಳದೆ ಮುಂದೆ ಹೋದ ದಿನ ಅವಳು ಮನೆಗೆ ಹಾಡು ಗುನುಗುತ್ತಾ ಬರುತ್ತಿದ್ದಳು. ಕೋರ್ಸಿನ ಅರ್ಧದಲ್ಲಿ ಒಂದು ಪರೀಕ್ಷೆ. ತೋಳಿನ ಅಳತೆ ಹಾಕಿ ಕತ್ತರಿಸಬೇಕು. ಪಾಸಾದವರು ಇಡೀ ಅಂಗಿ ಕತ್ತರಿಸುವ ದೊಡ್ಡ ಮೇಜಿಗೆ; ಪಾಸಾಗದವರು, ಪರೀಕ್ಷೆಗೆ ಬರದವರು ಮತ್ತೆ ಮೊದಲಿನಿಂದ.

ಐದನೆಯ ವಾರದ ಭಾನುವಾರ ಅವಳು ಕಾಗದ ಬರೆದು ಊಟದ ಮೇಜಿನ ಮೇಲಿಟ್ಟಳು. ಅಪ್ಪ ಓದಿದ:

"ಎರಡು ವರ್ಷ ನನ್ನ ತಮ್ಮ ಮನೆಯಲ್ಲಿ ಯಾವ ಕೆಲಸವನ್ನೂ ಮಾಡಲಿಲ್ಲ. ಮಾಡಲು ನಾವು ಬಿಡಲಿಲ್ಲ. ಕಳೆದ ಐದು ವಾರದಿಂದ ವಾರಕ್ಕೆ ಮೂರು ಸಂಜೆ ತನ್ನ ಬಟ್ಟೆ ತಾನೇ ಒಗೆಯುತ್ತಾನೆ, ಪಾತ್ರೆ ತೊಳೆಯುತ್ತಾನೆ, ಅಜ್ಜಿಯ ಕಣ್ಣಿಗೆ ಔಷಧಿ ಹಾಕುತ್ತಾನೆ. ಮೊದಲು ಕೆಟ್ಟದಾಗಿ ಮಾಡುತ್ತಿದ್ದ, ಈಗ ಚೆನ್ನಾಗಿ ಮಾಡುತ್ತಾನೆ. ಅವನು ಮಾಡುವುದರಿಂದ ನಾನು ಕಟಿಂಗ್ ಕಲಿಯಲು ಹೋಗುತ್ತಿದ್ದೇನೆ."

"ಮೊದಲನೇ ಸಾಲು ಯಾಕೆ?" ಅಪ್ಪನ ದನಿ ಏರಿತು. "ಐದು ವಾರದ್ದು ಬರೆದಿದ್ದೀಯ, ಸರಿ. ಆ ಎರಡು ವರ್ಷ ಯಾರು ಕೇಳಿದ್ರು?"

"ಅದಿಲ್ಲದಿದ್ರೆ ಹುಟ್ಟಿದಾಗಿಂದ ಒಗೀತಿದ್ದಾನೆ ಅಂದ್ಕೋತಾರೆ."

"ಅಂದ್ಕೊಳ್ಳಲಿ! ನಾನೊಂದು ಬರೆದಿದ್ದೀನಿ." ಅಪ್ಪ ಜೇಬಿನಿಂದ ಮಡಿಸಿದ ಹಾಳೆ ತೆಗೆದ. ಅದರಲ್ಲಿ ಎಡಚ ನಸುಕಿಗೆ ಎದ್ದು ಕಸ ಗುಡಿಸಿ, ಅಕ್ಕನ ಬಟ್ಟೆಯನ್ನೂ ಒಗೆದು, ಬೀದಿಯ ಮಕ್ಕಳಿಗೆ ಪಾಠ ಹೇಳಿ, ನಂತರ ಅಭ್ಯಾಸಕ್ಕೆ ಹೋಗುತ್ತಿದ್ದ.

ಅಜ್ಜಿ ಕೇಳಿಸಿಕೊಂಡು, "ಯಾರ ಮನೆ ಹುಡುಗನೋ, ತುಂಬಾ ಒಳ್ಳೆಯವನು," ಎಂದಳು.

ಅಮ್ಮನಿಗೆ ಅವತ್ತು ರಜೆ. ಅವಳು ಎರಡೂ ಹಾಳೆಗಳನ್ನು ಮಗನ ಮುಂದೆ ತಳ್ಳಿದಳು. "ಸಹಿ ಹಾಕೋನು ನೀನು. ಯಾವುದಕ್ಕೆ ಹಾಕ್ತೀಯೋ ಹಾಕು. ಊಟ ಆರ್ತಿದೆ."

ಎಡಚ ಎರಡನ್ನೂ ಓದಿದ. ಅಪ್ಪನ ಹಾಳೆ ಓದುವಾಗ ಅವನ ಕಿವಿ ಕೆಂಪಾಯಿತು. ಅಕ್ಕನ ಹಾಳೆಯ ಕೊನೆಯ ಸಾಲಿನಲ್ಲಿ ತುಂಬ ಹೊತ್ತು ನಿಂತ. ಆಮೇಲೆ ಪೆನ್ನು ತೆಗೆದು ಅಕ್ಕನ ಕಾಗದದ ಕೆಳಗೆ ಸಹಿ ಹಾಕಿ ಅನ್ನದ ಪಾತ್ರೆ ಹತ್ತಿರ ಎಳೆದುಕೊಂಡ. ಅಪ್ಪ ಅರ್ಧ ಊಟಕ್ಕೇ ಎದ್ದ.

ಪ್ರಶಸ್ತಿಯ ದಿನ, ಒಂದು ಶನಿವಾರ, ಐದು ಜನವೂ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋದರು. ದೊಡ್ಡ ಸಭಾಂಗಣ, ಬಿಳಿ ಬಟ್ಟೆ ಹಾಸಿದ ಮೇಜುಗಳು, ಪ್ರತಿ ಮೇಜಿನ ಮೇಲೂ ಕ್ಲಬ್ಬಿನ ಬಣ್ಣದ ಪುಟ್ಟ ಬಾವುಟ. ಎಲ್ಲ ಮೇಜುಗಳಲ್ಲೂ ಕತ್ತು ಬಿಗಿಯುವ ಟೈ ಕಟ್ಟಿಕೊಂಡ ಒಬ್ಬೊಬ್ಬ ಹುಡುಗ, ಅವನಿಗಿಂತ ಹೆಚ್ಚು ಬೆವರುತ್ತಿದ್ದ ಅಪ್ಪ. ವೇದಿಕೆಯಲ್ಲಿ ಯಾರೋ ಬಹಳ ಹೊತ್ತು ಮಾತಾಡಿದರು. ಕೊನೆಗೆ ಹೆಸರು ಕೂಗಿದಾಗ ಎದ್ದವನು ಬೇರೊಂದು ಊರಿನ ಉದ್ದನೆಯ ಗೋಲ್‌ಕೀಪರ್. ಎಡಚ ಎಲ್ಲರ ಜೊತೆ ಚಪ್ಪಾಳೆ ತಟ್ಟಿದ. ಕೈ ತಟ್ಟುತ್ತಿತ್ತು, ಮುಖ ಬೇರೆಲ್ಲೋ ಇತ್ತು.

ಊಟದ ಹೊತ್ತಿಗೆ ಒಕ್ಕೂಟದ ಒಬ್ಬ ಮೇಡಂ ಅವರ ಮೇಜಿಗೆ ಬಂದರು.

"ಎರಡನೇ ಸ್ಥಾನ ನಿಮ್ಮದೇ. ನಾಲ್ಕು ಅಂಕದಲ್ಲಿ ಹೋಯ್ತು," ಎಂದರು. "ಆಟಕ್ಕೆ ಎಲ್ಲರಿಗಿಂತ ಜಾಸ್ತಿ ಇವನಿಗೇ ಬಂದಿತ್ತು."

"ಮನೆಯವರ ಕಾಗದಕ್ಕೆ ಎಷ್ಟು ಬಂತು, ಮೇಡಂ?" ಎಂದು ಕೇಳಿದ ಅಪ್ಪ. ಕೇಳದೆ ಇರಲು ಅವನಿಂದ ಆಗಲಿಲ್ಲ.

"ಇಪ್ಪತ್ತಕ್ಕೆ ಏಳು. ನಾನೇ ಹಾಕಿದ್ದು. ಐದು ವಾರಕ್ಕೆ ಅದಕ್ಕಿಂತ ಜಾಸ್ತಿ ಹಾಕೋಕೆ ಬರಲಿಲ್ಲ." ಅವರು ಕತ್ತರಿಯ ಕಡೆ ತಿರುಗಿದರು. "ಬರೆದವರು ನೀವಾ? ಕ್ಲಾಸು ನಡೀತಿದೆಯಾ?"

"ನಡೀತಿದೆ," ಎಂದಳು.

ಮನೆಗೆ ಬಂದು ಬೂಟು ಬಿಚ್ಚುವಾಗ ಅಪ್ಪ ಗೋಡೆಗೆ ಹೇಳಿದ: "ಏಳು. ಸ್ವಂತ ಅಕ್ಕ ಕೊಡಿಸಿದ ಏಳು."

ಎಡಚ ಏನಾದರೂ ಹೇಳಿಯಾನು ಎಂದು ಕತ್ತರಿ ಕಾದಳು. ಅವನು ಟೈ ಬಿಚ್ಚಿ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಅವಳಿಗೆ ಸಂಕಟವಾಯಿತು. ಬರೆದದ್ದರ ಬಗ್ಗೆ ಅಲ್ಲ. ಮತ್ತೆ ಬರೆಯಬೇಕಾದರೂ ಅದನ್ನೇ ಬರೆಯುತ್ತಿದ್ದಳು. ಆದರೆ ಆ ನಾಲ್ಕು ಅಂಕ ತಮ್ಮನ ಕೈಯಿಂದ ಜಾರಿದ್ದು ತನ್ನ ಮುತ್ತಿನಂಥ ಅಕ್ಷರದಿಂದಲೇ ಎಂಬುದು ಎಲ್ಲಿ ಕೂತರೂ ಚುಚ್ಚುತ್ತಿತ್ತು. ಇನ್ನೂ ಒಂದು ಭಯವಿತ್ತು, ಅದನ್ನು ಯಾರಿಗೂ ಹೇಳಲಿಲ್ಲ. ಕಾಗದಕ್ಕೋಸ್ಕರ ಶುರುವಾದದ್ದು ಕಾಗದದ ಜೊತೆಗೇ ಮುಗಿಯಬಹುದು. ಇನ್ನು ಅವನು ಯಾಕೆ ಒಗೆಯಬೇಕು? ಅವಳನ್ನು ಯಾರು ಯಾಕೆ ಕ್ಲಾಸಿಗೆ ಬಿಡಬೇಕು?

ಸೋಮವಾರ ತೋಳಿನ ಪರೀಕ್ಷೆ. ಕಾರ್ಖಾನೆಯಿಂದ ಓಡಿ ಬಂದು, ಮುಖ ತೊಳೆದು, ಎರಡು ತುಂಡು ಬ್ರೆಡ್ಡು ಬಾಯಿಗೆ ಹಾಕಿಕೊಂಡು, ಅಳತೆಪಟ್ಟಿ ಮತ್ತು ಸೀಮೆಸುಣ್ಣ ಚೀಲಕ್ಕೆ ತುರುಕುತ್ತಿದ್ದಳು. ಬಾಗಿಲಲ್ಲಿ ಎಡಚನ ಜೊತೆಯ ಹುಡುಗನೊಬ್ಬ ಬಂದು ಕೆಸರಿನ ಚೀಲ ಇಳಿಸಿದ.

"ಎಡಚನನ್ನ ದೊಡ್ಡ ಟೀಮಿನ ಜೊತೆ ಕರ್ಕೊಂಡು ಹೋಗ್ತಿದ್ದಾರೆ, ಬೇರೆ ಊರಿನ ಮ್ಯಾಚಿಗೆ," ಎಂದ ಹುಡುಗ. "ಯಾರಿಗೋ ಪೆಟ್ಟಾಗಿದೆಯಂತೆ. ಬೆಳಿಗ್ಗೆ ಆರಕ್ಕೆ ಬಸ್ಸು. ಈಗ ಮೀಟಿಂಗಲ್ಲಿ ಕೂರಿಸಿದ್ದಾರೆ, ಬರೋದು ಒಂಬತ್ತಾಗುತ್ತೆ. ಅಭ್ಯಾಸದ ಬಟ್ಟೆ ಬೆಳಿಗ್ಗೆಗೆ ಒಣಗಿರಬೇಕಂತೆ."

ಹುಡುಗ ಹೋದ. ಚೀಲ ಹೊಸ್ತಿಲ ಮೇಲೆ ಕೂತಿತ್ತು. ಒಂಬತ್ತಕ್ಕೆ ಒಗೆದರೆ ಬೆಳಿಗ್ಗೆಗೆ ಒಣಗುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ದೊಡ್ಡ ಟೀಮು ಕರೆದಿದೆ ಎಂದರೆ ಏನೆಂದೂ ಗೊತ್ತಿತ್ತು. ಅಪ್ಪ ಪತ್ರಿಕೆ ಕೆಳಗಿಟ್ಟು ಎದ್ದು ನಿಂತಿದ್ದ, ಕಣ್ಣು ಹೊಳೆಯುತ್ತಿತ್ತು. ಕತ್ತರಿಗೂ ಖುಷಿಯಾಯಿತು, ನಿಜವಾಗಿ ಖುಷಿಯಾಯಿತು. ಅಷ್ಟರಲ್ಲಿ ಅಪ್ಪ ಅವಳ ಕಡೆ ನೋಡಿದ. ಎರಡು ದಿನದ ಮೇಲೆ ಮೊದಲ ಸಲ ಮೆತ್ತಗೆ ಮಾತಾಡಿದ.

"ಕತ್ತರಿ. ಇವತ್ತೊಂದು ದಿನ."

ಅವಳು ಚೀಲ ನೋಡಿದಳು. ಒಂದು ಗಂಟೆಯ ಕೆಲಸ. ಕೈಗೆ ಅಭ್ಯಾಸವಾದ ಕೆಲಸ.

"ಅಪ್ಪ, ಹೋದ ಸಲ ನೀನು ಹೇಳಿದ ಆ ಒಂದು ದಿನ ಇನ್ನೂ ಮುಗಿದಿಲ್ಲ," ಎಂದಳು. "ನಂಗೆ ಪರೀಕ್ಷೆ ಇದೆ. ಸೋಪು ಕಿಟಕಿ ಮೇಲಿದೆ."

"ಅವನ ಜೀವನದ ಪ್ರಶ್ನೆ ಕಣೇ!"

"ನನ್ನದೂ ಅಷ್ಟೇ."

ಚೀಲ ದಾಟಿಕೊಂಡು ಹೋದಳು.

ಕ್ಲಾಸಿನಲ್ಲಿ ಸೀಮೆಸುಣ್ಣ ಹಿಡಿದು ಎಳೆದ ಮೊದಲ ಗೆರೆ ವಕ್ರವಾಯಿತು, ಒರೆಸಿದಳು. ಕಣ್ಣ ಮುಂದೆ ಆ ಚೀಲವೇ ಬಂತು, ಅದನ್ನೂ ಒರೆಸಿದಳು. ಆಮೇಲೆ ತೋಳಿನ ಬಾಗು ಮಾತ್ರ ಉಳಿಯಿತು. ಕತ್ತರಿಸಿ ಮುಗಿಸಿದಾಗ ಮಾಸ್ಟರು ಬಂದು, ಎರಡು ತೋಳುಗಳನ್ನೂ ಒಂದರ ಮೇಲೊಂದಿಟ್ಟು ಅಂಚು ನೋಡಿದರು. ಉಗುರು ಎಲ್ಲಿಯೂ ಗೀರಲಿಲ್ಲ.

"ಬುಧವಾರದಿಂದ ದೊಡ್ಡ ಮೇಜಿಗೆ ಬಾ," ಎಂದರು.

ಮನೆಗೆ ಬರುವ ದಾರಿಯಲ್ಲಿ ಅವಳು ಒಂದು ನಿರ್ಧಾರ ಮಾಡಿಕೊಂಡಳು. ಚೀಲ ಹೊಸ್ತಿಲ ಮೇಲೇ ಇದ್ದರೆ ಮುಟ್ಟುವುದಿಲ್ಲ. ಅಳು ಬಂದರೆ ಅಳುವುದು, ಆದರೆ ಮುಟ್ಟುವುದಿಲ್ಲ.

ಹೊಸ್ತಿಲು ಖಾಲಿಯಿತ್ತು. ಬಚ್ಚಲಿನಿಂದ ನಲ್ಲಿಯ ಸದ್ದು ಬರುತ್ತಿತ್ತು, ಜೊತೆಗೆ ಅಜ್ಜಿಯ ದನಿ: "ಕಾಲರ್ ಉಜ್ಜೋ. ಕಾಲರ್."

ಅಪ್ಪ ಪ್ಯಾಂಟನ್ನು ಮೊಣಕಾಲವರೆಗೆ ಮಡಿಸಿ, ಕುಕ್ಕರುಗಾಲಲ್ಲಿ ಕೂತು ಜರ್ಸಿಯನ್ನು ಸ್ಟೇರಿಂಗಿನಂತೆ ತಿರುಗಿಸುತ್ತಿದ್ದ. ಮೀಸೆಯ ಮೇಲೆ ನೊರೆ. ಮಗಳನ್ನು ಕಂಡು ಕೈ ನಿಲ್ಲಿಸಿದ. ಒಲೆಯ ಮೇಲಿನ ಹಗ್ಗದ ಕಡೆ ಗದ್ದ ತೋರಿಸಿದ. ಅಲ್ಲಿ ಎರಡು ಚಡ್ಡಿ ತೂಗುತ್ತಿದ್ದವು. ಬೆಳಿಗ್ಗೆ ಬಿಳಿಯಿದ್ದವು, ಈಗ ಗುಲಾಬಿ.

"ಬಿಸಿನೀರಿಗೆ ಹಾಕಿದ್ರೆ ಬೇಗ ಆಗುತ್ತೆ ಅಂದ್ಕೊಂಡೆ," ಎಂದ ಅಪ್ಪ. "ಎಲ್ಲಾನೂ ಒಟ್ಟಿಗೆ ಹಾಕಿದೆ."

"ನಾನು ಬೇಡ ಅಂದೆ," ಎಂದಳು ಅಜ್ಜಿ. "ಬಸ್ ಓಡಿಸೋನು ಯಾರ ಮಾತು ಕೇಳ್ತಾನೆ?"

ಕತ್ತರಿ ನಗಲಿಲ್ಲ, ಬೈಯಲೂ ಇಲ್ಲ. ತಟ್ಟೆ ತೆಗೆದುಕೊಂಡು ಊಟಕ್ಕೆ ಕೂತಳು. ಬೇರೆಯವರು ಬಟ್ಟೆ ಒಗೆಯುವ ಸದ್ದು ಕೇಳುತ್ತಾ ಅವಳು ಆ ಮನೆಯಲ್ಲಿ ಬಿಸಿ ಅನ್ನ ಉಂಡದ್ದು ಎರಡು ವರ್ಷದಲ್ಲಿ ಅದೇ ಮೊದಲು.

ಒಂಬತ್ತಕ್ಕೆ ಎಡಚನೂ ಅಮ್ಮನೂ ಒಟ್ಟಿಗೆ ಬಂದರು. ಎಡಚ ಚಪ್ಪಲಿ ಬಿಡುವ ಮೊದಲೇ ಚಡ್ಡಿ ನೋಡಿದ. ದೊಡ್ಡ ಟೀಮಿನ ಬಸ್ಸು, ಹನ್ನೊಂದು ಜನ ಹಿರಿಯರು, ಗುಲಾಬಿ ಚಡ್ಡಿ.

"ಯಾರು ಒಗೆದಿದ್ದು?"

"ನಾನೇ," ಎಂದ ಅಪ್ಪ, ನೆನೆದು ಸುಕ್ಕಾದ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ.

ಎಡಚ ಹತ್ತಿರ ಹೋಗಿ ಚಡ್ಡಿಯ ಅಂಚು ಹಿಂಡಿ ನೋಡಿದ. ಒಣಗುತ್ತಿತ್ತು. "ಕಾಲುಚೀಲ ಬೇರೆ ನೆನೆಸಬೇಕು ಅಪ್ಪ, ತಣ್ಣೀರಲ್ಲಿ. ಪರವಾಗಿಲ್ಲ, ಹಾಕ್ಕೋತೀನಿ. ಬುಧವಾರ ವಾಪಸ್ ಬರ್ತೀನಲ್ಲ, ಆವಾಗ ತೋರಿಸಿಕೊಡ್ತೀನಿ."

"ನೀನು ಸುಸ್ತಾಗಿ ಬರ್ತೀಯ. ಬುಧವಾರ ಅಕ್ಕನೇ ತೋರಿಸ್ಲಿ ಬಿಡು."

"ಬುಧವಾರ ಅಕ್ಕಂಗೆ ಕ್ಲಾಸಿದೆ," ಎಂದ ಎಡಚ.

ಕತ್ತರಿ ತಟ್ಟೆಯನ್ನು ಅಜ್ಜಿಯ ಕಡೆ ಚಾಚಿ ಇನ್ನೂ ಸ್ವಲ್ಪ ಅನ್ನ ಹಾಕು ಎಂದಳು.